ಒಂದೇ ಪರದೆಯ ಮುಂದೆ

ದಾವಣಗೆರೆಯಲ್ಲಿದ್ದ ನನ್ನ ಸೋದರಮಾವನ ಸ್ಟುಡಿಯೊದಲ್ಲಿ ಎರಡು ಪರದೆಗಳಿದ್ದವು. ಒಂದರ ಮೇಲೆ ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದ ಕಲಾವಿದರೊಬ್ಬರು ಬರೆದುಕೊಟ್ಟ ಅರಮನೆ: ಮೆಟ್ಟಿಲು, ಕಂಬ, ಆಚೆಗೊಂದು ಕೊಳ, ಕೊಳದಲ್ಲಿ ಹಂಸ. ಇನ್ನೊಂದು ಏನೂ ಬರೆಯದ ಬೂದು ಬಣ್ಣದ ದಪ್ಪ ಬಟ್ಟೆ. ಹೊಸದಾಗಿ ಮದುವೆಯಾದ ಜೋಡಿ, ಸೀಮಂತ ಮುಗಿಸಿಕೊಂಡು ಬಂದ ಹೆಣ್ಣುಮಕ್ಕಳು, ಜವಳಿ ಅಂಗಡಿಯ ಕ್ಯಾಲೆಂಡರಿಗಾಗಿ ಹೊಸ ಸೀರೆ ಉಟ್ಟು ನಿಲ್ಲುವ ಹುಡುಗಿಯರು, ಇವರಿಗೆಲ್ಲ ಅರಮನೆ. ಬಸ್ ಪಾಸು, ಲೈಸೆನ್ಸು, ಮಿಲ್ಲಿನ ಗುರುತಿನ ಚೀಟಿ ಅಂತ ಬಂದವರಿಗೆ ಬೂದು ಬಟ್ಟೆ. ಅರಮನೆಯವರನ್ನು ಮಾವ ಕಾಲು ಗಂಟೆ ನಿಲ್ಲಿಸಿ, ಗಲ್ಲ ಎತ್ತಿಸಿ, ಸೆರಗು ಸರಿಪಡಿಸಿ ತೆಗೆಯುತ್ತಿದ್ದರು. ಬೂದು ಬಟ್ಟೆಯವರ ಕೆಲಸ ಅರ್ಧ ನಿಮಿಷದಲ್ಲಿ ಮುಗಿಯುತ್ತಿತ್ತು.

ಹೈಸ್ಕೂಲು ಮುಗಿಯುವ ಹೊತ್ತಿಗೆ ನಾನು ಮಾವನ ಕೈಕೆಳಗೆ ಸೇರಿದ್ದೆ. ಹೈಪೊ ಕಲಸುವುದು, ಪ್ರಿಂಟು ತೊಳೆದು ಒಣಹಾಕುವುದು, ಆಮೇಲಾಮೇಲೆ ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸಿ ಮುಖದ ಸುಕ್ಕು ಮರೆಸುವುದು ನನ್ನ ಪಾಲಿನ ಕೆಲಸ. ಎಲ್ಲರಿಗೂ ಅರಮನೆ ಯಾಕೆ ಇಳಿಬಿಡುವುದಿಲ್ಲ ಎಂದು ಒಮ್ಮೆ ಕೇಳಿದೆ. “ಅಳಿಯಾ, ಮದುವೆ ಫೋಟೊ ಗೋಡೆ ಮ್ಯಾಲೆ ಐವತ್ತು ವರ್ಷ ಇರ್ತದೆ. ಪಾಸಿನ ಫೋಟೊ ಆಫೀಸಿನ ಫೈಲಾಗೆ ಕೊಳೀತದೆ” ಅಂದರು. ಲೆಕ್ಕ ಸರಿಯಾಗಿಯೇ ಕಂಡಿತ್ತು. ಆದರೆ ಅದೇ ಸ್ಟುಡಿಯೊಕ್ಕೆ, ಅಪ್ಪ ತೀರಿಕೊಂಡ ಹತ್ತನೇ ದಿನಕ್ಕೋ ಹನ್ನೊಂದನೇ ದಿನಕ್ಕೋ, ಮಿಲ್ಲಿನ ಕಾರ್ಮಿಕರ ಮಕ್ಕಳು ಬರುತ್ತಿದ್ದರು. ಕೈಯಲ್ಲಿ ಅಂಚು ಹರಿದ ಗುರುತಿನ ಚೀಟಿ. ಅದರ ಮೂಲೆಯಲ್ಲಿ ಅರ್ಧ ಸೀಲು ಬಿದ್ದ, ಹೆಬ್ಬೆರಳಿನಷ್ಟು ಅಗಲದ ಮುಖ. “ಅಪ್ಪಂದು ಇದೊಂದೇ ಇರೋದು ಸಾರ್, ಇದನ್ನೇ ದೊಡ್ಡದು ಮಾಡಿಕೊಡ್ರಿ.” ಆ ಸೀಲಿನ ಗೆರೆಯನ್ನು ಕೆನ್ನೆಯ ಮೇಲಿಂದ ಅಳಿಸಲು ನಾನು ರಾತ್ರಿ ಕೂತು ತಿದ್ದುತ್ತಿದ್ದೆ. ಅರ್ಧ ನಿಮಿಷದಲ್ಲಿ ತೆಗೆದ ಚಿತ್ರ, ಕಟ್ಟು ಹಾಕಿಸಿಕೊಂಡು, ಹಾರ ಹಾಕಿಸಿಕೊಂಡು ಅವರ ಮನೆಯ ಗೋಡೆಗೆ ಹೋಗುತ್ತಿತ್ತು. ಆ ಮನುಷ್ಯ ಇನ್ನೊಂದು ಸಲ ನಮ್ಮ ಮುಂದೆ ಕೂರುವಂತಿರಲಿಲ್ಲ.

ಅಮೆರಿಕದ ಫೋಟೊಗ್ರಾಫರ್ ಇರ್ವಿಂಗ್ ಪೆನ್‌ನ ಹೆಸರು ನನಗೆ ಸಿಕ್ಕಿದ್ದು ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಯೊಂದರಲ್ಲಿ. ಆಗ ನಾನು ಬೆಂಗಳೂರಿಗೆ ಬಂದು ಜಾಹೀರಾತಿನ ಫೋಟೊಗ್ರಾಫರ್ ಒಬ್ಬರ ಬಳಿ ಲೈಟು ಹಿಡಿಯುವ ಕೆಲಸಕ್ಕಿದ್ದೆ. 1974ರಲ್ಲಿ ಬಂದ ‘ವರ್ಲ್ಡ್ಸ್ ಇನ್ ಎ ಸ್ಮಾಲ್ ರೂಮ್’ ಎಂಬ ಅವನ ಪುಸ್ತಕ. ಬೆನ್ನು ಕಿತ್ತಿತ್ತು, ಚಿತ್ರಗಳು ಚೆನ್ನಾಗಿದ್ದವು. ತೆರೆದ ಪುಟದಲ್ಲಿ ಪೆರು ದೇಶದ ಇಬ್ಬರು ಮಕ್ಕಳು, ಅಕ್ಕ ತಮ್ಮನಿರಬೇಕು. ಬರಿಗಾಲು, ಮಾಸಿದ ದಪ್ಪ ಉಣ್ಣೆ ಬಟ್ಟೆ. ನಡುವೆ ಒಂದು ಗಿಡ್ಡ ಪೀಠ, ಅದಕ್ಕೆ ಒರಗಿ ನಿಂತಿದ್ದಾರೆ. ಕೆಳಗೆ ಕಲ್ಲಿನ ನೆಲ, ಹಿಂದೆ ಬಣ್ಣ ಬಳಿದ ಪರದೆ. ದೇಶ ಯಾವುದಾದರೇನು, ಅದು ನಮ್ಮ ಮಾವನ ಸ್ಟುಡಿಯೊ! ಆ ಪೀಠ, ಆ ಪರದೆ, ಒಂದು ಪಕ್ಕದಿಂದ ಬೀಳುವ ಹಗಲ ಬೆಳಕು, ಎಲ್ಲ ನನಗೆ ಗೊತ್ತಿದ್ದವೇ. ಗೊತ್ತಿಲ್ಲದ್ದು ಒಂದೇ, ಬರಿಗಾಲಿನ ಮಕ್ಕಳಿಗೆ ಅಷ್ಟು ಹೊತ್ತು ಕೊಟ್ಟವನು ಯಾರು ಎಂಬುದು.

ಆ ಚಿತ್ರದ ಕಥೆಯನ್ನು ಪೆನ್ನೇ ಪುಸ್ತಕದಲ್ಲಿ ಬರೆದಿದ್ದಾನೆ. 1948ರ ಕೊನೆಗೆ ‘ವೋಗ್’ ಪತ್ರಿಕೆಯವರು ಅವನನ್ನು ಫ್ಯಾಷನ್ ಚಿತ್ರಗಳಿಗಾಗಿ ಪೆರುವಿನ ಲೀಮಾಕ್ಕೆ ಕಳಿಸಿದ್ದರು. ರೂಪದರ್ಶಿ ಜೀನ್ ಪ್ಯಾಚೆಟ್. ಆ ಕೆಲಸ ಮುಗಿಸಿ, ಉಳಿದವರನ್ನೆಲ್ಲ ಊರಿಗೆ ಕಳಿಸಿ, ತಾನೊಬ್ಬನೇ ಆಂಡಿಸ್ ಪರ್ವತದಲ್ಲಿ 3,400 ಮೀಟರ್ ಎತ್ತರದಲ್ಲಿರುವ ಕುಸ್ಕೊ ಪಟ್ಟಣಕ್ಕೆ ಹೋದ. ಅಲ್ಲಿ ಊರಿನ ಫೋಟೊಗ್ರಾಫರ್‌ನ ಹಗಲ ಬೆಳಕಿನ ಸ್ಟುಡಿಯೊ ಕಂಡು, ಕ್ರಿಸ್‌ಮಸ್‌ಗೆ ಅದನ್ನು ಬಾಡಿಗೆಗೆ ಹಿಡಿದ. ಹಬ್ಬಕ್ಕೆ ಫೋಟೊ ತೆಗೆಸಿಕೊಳ್ಳಲು ಬೆಟ್ಟದ ಹಳ್ಳಿಗಳಿಂದ ಇಳಿದು ಬಂದವರಿಗೆ ತಮ್ಮ ಫೋಟೊದವನ ಬದಲು ಈ ಪರದೇಶಿ ಎದುರಾದ. ದುಡ್ಡು ಕೊಡಲು ಬಂದವರಿಗೆ ಇವನೇ ದುಡ್ಡು ಕೊಟ್ಟು ನಿಲ್ಲಿಸಿಕೊಂಡ. ಆ ಕೆಲವೇ ದಿನಗಳಲ್ಲಿ ತೆಗೆದ ಚಿತ್ರಗಳ ಮುಂದೆ, ಅದೇ ಪ್ರವಾಸದಲ್ಲಿ ಲೀಮಾದಲ್ಲಿ ತೆಗೆದ ಫ್ಯಾಷನ್ ಚಿತ್ರಗಳನ್ನು ಇಟ್ಟು ನೋಡಿದರೆ, ಎರಡರಲ್ಲೂ ಒಂದೇ ಕಣ್ಣು ಕೆಲಸ ಮಾಡಿದ್ದು ಕಾಣುತ್ತದೆ. ಟೋಪಿಯ ಅಂಚು ಎಲ್ಲಿ ಮುಖವನ್ನು ಕತ್ತರಿಸುತ್ತದೆ, ಬಟ್ಟೆ ಎಲ್ಲಿ ಮಡಿಕೆಯಾಗಿ ಎಲ್ಲಿ ಬಿಗಿಯುತ್ತದೆ ಎಂದು ನೋಡುವ ಕಣ್ಣು.

ಪೆನ್ ಹುಟ್ಟಿದ್ದು 1917ರಲ್ಲಿ, ನ್ಯೂಜೆರ್ಸಿಯ ಪ್ಲೇನ್‌ಫೀಲ್ಡ್‌ನಲ್ಲಿ. ಫಿಲಡೆಲ್ಫಿಯಾದಲ್ಲಿ ಅಲೆಕ್ಸಿ ಬ್ರೊಡೊವಿಚ್ ಬಳಿ ವಿನ್ಯಾಸ ಕಲಿತ. ಚಿತ್ರಕಾರನಾಗಬೇಕೆಂದು ಮೆಕ್ಸಿಕೊದಲ್ಲಿ ಒಂದು ವರ್ಷ ಕೂತು ಬಣ್ಣ ಬಳಿದು, ತನ್ನದೇ ಚಿತ್ರಗಳು ಸಾಲವೆನ್ನಿಸಿ ಕ್ಯಾನ್ವಾಸಿನ ಬಣ್ಣವನ್ನೆಲ್ಲ ಕೆರೆದು ತೊಳೆದುಬಿಟ್ಟ. 1943ರಲ್ಲಿ ವೋಗ್ ಸೇರಿದ. ಅದೇ ಅಕ್ಟೋಬರ್ 1ರ ಸಂಚಿಕೆಗೆ ಅವನ ಮೊದಲ ಮುಖಪುಟ ಬಂತು. ಅದರಲ್ಲಿ ಮನುಷ್ಯರೇ ಇಲ್ಲ: ಚೀಲ, ಕೈಗವಸು, ಬೆಲ್ಟು, ನಿಂಬೆ, ಕಿತ್ತಳೆ. ಮುಂದೆ 150ಕ್ಕೂ ಹೆಚ್ಚು ಮುಖಪುಟ ಮಾಡಿದ. ಯುದ್ಧದ ಕಾಲದಲ್ಲಿ ಅಮೆರಿಕನ್ ಫೀಲ್ಡ್ ಸರ್ವಿಸ್ ಸೇರಿ ಇಟಲಿಯಲ್ಲಿ ಆಂಬುಲೆನ್ಸ್ ಓಡಿಸಿದ, 1945ರಲ್ಲಿ ಕೆಲವು ತಿಂಗಳು ನಮ್ಮ ದೇಶದಲ್ಲೂ ಇದ್ದು ಸೈನಿಕರ, ಬಿಡಾರಗಳ ಚಿತ್ರ ತೆಗೆದ. ‘ಬಾನಿ ಅಂಡ್ ಕ್ಲೈಡ್’ ಸಿನಿಮಾ ಮಾಡಿದ ಆರ್ಥರ್ ಪೆನ್ ಇವನ ತಮ್ಮ. ಇವೆಲ್ಲ ಬದುಕಿನ ವಿವರ. ನನ್ನನ್ನು ಹಿಡಿದು ನಿಲ್ಲಿಸಿದ್ದು 1950ರ ಪ್ಯಾರಿಸ್.

ಆ ವರ್ಷ ವೋಗ್ ಪತ್ರಿಕೆ ಅವನನ್ನು ಪ್ಯಾರಿಸ್ಸಿನ ಹೊಸ ಉಡುಪುಗಳ ಚಿತ್ರ ತೆಗೆಯಲು ಕಳಿಸಿತು. ವೊಜಿರಾರ್ ರಸ್ತೆಯಲ್ಲಿ ಹಿಂದೆ ಫೋಟೊಗ್ರಫಿ ಶಾಲೆಯಾಗಿದ್ದ ಕಟ್ಟಡದ ಮೇಲಂತಸ್ತಿನಲ್ಲಿ ಒಂದು ಹಳೇ ಸ್ಟುಡಿಯೊ ಸಿಕ್ಕಿತು. ದೊಡ್ಡ ಗಾಜಿನ ಕಿಟಕಿಯಿಂದ ಬೀಳುವ ಬೆಳಕು ಬಿಟ್ಟರೆ ಬೇರೆ ದೀಪ ಬೇಕಾಗಲಿಲ್ಲ. ಹಿನ್ನೆಲೆಗೆ ಹಳೆಯ ರಂಗಮಂದಿರದ ಪರದೆಯೊಂದನ್ನು ತಂದು ಕಟ್ಟಿದ. ಬೂದು ಬಣ್ಣದಲ್ಲಿ ಮೋಡ ಕವಿದಂಥ ಕಲೆಗಳಿದ್ದ ಬಟ್ಟೆ. ಅದರ ಮುಂದೆ ಲೀಸಾ ಫೊನ್ಸಾಗ್ರೀವ್ಸ್ ಬಂದು ನಿಂತಳು. ಸ್ವೀಡನ್ನಿನವಳು, ನೃತ್ಯ ಕಲಿತವಳು, ಆಗ ಅವಳಿಗೆ 39 ವರ್ಷ. ಆ ಸೆಪ್ಟೆಂಬರಿನಲ್ಲಿ ಇಬ್ಬರೂ ಮದುವೆಯಾದರು. ರೋಶಾ ಸಂಸ್ಥೆಯ ‘ಮತ್ಸ್ಯಕನ್ಯೆ’ ಉಡುಪಿನಲ್ಲಿ ಅವಳು ನಿಂತ ಚಿತ್ರ ಫ್ಯಾಷನ್ ಛಾಯಾಗ್ರಹಣದ ಚರಿತ್ರೆಯಲ್ಲೇ ದೊಡ್ಡದು. ಅರಮನೆಯಿಲ್ಲ, ಕಂಬವಿಲ್ಲ, ಹೂಕುಂಡವಿಲ್ಲ. ಪರದೆಯ ಅಂಚು ಕೂಡ ಕೆಲವು ಚಿತ್ರಗಳಲ್ಲಿ ಹಾಗೇ ಕಾಣುತ್ತದೆ. ಇದು ಸ್ಟುಡಿಯೊ, ಇದು ಕೆಲಸ ನಡೆಯುವ ಜಾಗ ಎಂಬುದನ್ನು ಅವನು ಮುಚ್ಚಿಡಲಿಲ್ಲ.

ಅದೇ ಮೆಟ್ಟಿಲು ಹತ್ತಿ, ಅದೇ ಪರದೆಯ ಮುಂದಕ್ಕೆ ಕಟುಕರು ಬಂದರು. ಮಿಠಾಯಿ ಮಾಡುವವರು ಬಂದರು, ಸೌತೆಕಾಯಿ ಮಾರುವವನು, ಬಲೂನು ಮಾರುವ ಮುದುಕಿ, ಕಲ್ಲಿದ್ದಲು ಹೊರುವವನು ಬಂದರು. ಪ್ಯಾರಿಸ್ಸಿನ ಬೀದಿ ಕಸುಬುಗಳವರನ್ನು ಪೆನ್‌ಗಿಂತ ಅರ್ಧ ಶತಮಾನ ಮೊದಲೇ ಫೋಟೊಗ್ರಾಫರ್ ಅಜೆ ಬೀದಿಯಲ್ಲೇ ನಿಲ್ಲಿಸಿ ತೆಗೆದಿದ್ದ. ಪೆನ್ ಅವರನ್ನು ಬೀದಿಯಿಂದ ಬಿಡಿಸಿ ಒಳಗೆ ಕರೆದ. ಅವರನ್ನು ಹುಡುಕಿ ಕರೆತರಲು ಫೋಟೊಗ್ರಾಫರ್ ರಾಬರ್ಟ್ ದ್ವಾನೊನಂಥ, ಬೀದಿ ಬಲ್ಲ ಸ್ಥಳೀಯರ ನೆರವು ಇತ್ತು. ಪ್ಯಾರಿಸ್ ಆದ ಮೇಲೆ ಲಂಡನ್, ಆಮೇಲೆ ನ್ಯೂಯಾರ್ಕ್. ‘ಸ್ಮಾಲ್ ಟ್ರೇಡ್ಸ್’ ಎಂದು ಹೆಸರಾದ ಈ ಚಿತ್ರಗಳು 1951ರಲ್ಲಿ, ಗೌನುಗಳ ಚಿತ್ರ ಅಚ್ಚಾಗುತ್ತಿದ್ದ ಅದೇ ವೋಗ್‌ನ ಪುಟಗಳಲ್ಲಿ ಬಂದವು.

ಈ ಚಿತ್ರಗಳನ್ನು ಹೊಗಳುವವರು ಸಾಮಾನ್ಯವಾಗಿ ಬಡವರಿಗೆ ಘನತೆ ಕೊಟ್ಟ ಎನ್ನುತ್ತಾರೆ. ನನಗೆ ಆ ಮಾತು ಸಾಲದು. ಘನತೆ ಅವನು ಕೊಟ್ಟದ್ದಲ್ಲ. ಅವರ ಬಟ್ಟೆಯನ್ನು ನೋಡಲು ಅವನಿಗೆ ಬರುತ್ತಿತ್ತು. ಪ್ಯಾರಿಸ್ಸಿನ ಇಬ್ಬರು ಎಳೆಯ ಕಟುಕರ ಚಿತ್ರ ನೋಡಿ. ಮೈಗೆ ಸುತ್ತಿದ ಬಿಳಿ ಏಪ್ರನ್, ಅದರ ಮೇಲೆ ರಕ್ತದ ಕಲೆ, ಕೈಯಲ್ಲಿ ಚೂರಿ. ಆ ಏಪ್ರನ್ನಿನ ಒಂದೊಂದು ಮಡಿಕೆಯನ್ನೂ ಪೆನ್ ನೋಡಿದ ರೀತಿ, ಉಡುಪು ವಿನ್ಯಾಸಕ ಬಾಲೆನ್ಸಿಯಾಗ ಹೊಲಿದ ಕೋಟಿನ ತೋಳನ್ನು ನೋಡಿದ ರೀತಿಯೇ. ಲಂಡನ್ನಿನ ಮೀನು ಮಾರುವವನ ಉದ್ದನೆಯ ಏಪ್ರನ್ ಕೆಳಗೆ ಇಳಿದಿರುವ ಗೆರೆಯನ್ನು ಯಾವ ಗೌನಿನ ಪಕ್ಕದಲ್ಲಾದರೂ ಇಡಬಹುದು. ನ್ಯೂಯಾರ್ಕಿನ ಮುಳುಗುಗಾರ ತನ್ನ ಲೋಹದ ಶಿರಸ್ತ್ರಾಣ, ಭಾರದ ಬೂಟುಗಳಲ್ಲಿ ನಿಂತಾಗ ಅದು ಒಂದು ಉಡುಪು. ಒಂದು ಕೆಲಸಕ್ಕೆಂದೇ, ಒಂದು ಮೈಗೆಂದೇ ಆದದ್ದು. ದರ್ಜಿಯ ಕತ್ತರಿಯನ್ನು ಹತ್ತಿರದಿಂದ ನೋಡಿ ಕಲಿತವನಿಗೆ ಮಾತ್ರ, ದಿನವೂ ಒಂದೇ ಭಾರ ಹೊತ್ತು ಸವೆದ ಭುಜದ ಬಟ್ಟೆ ಹೇಗೆ ಮೈಯ ಆಕಾರ ಪಡೆದಿದೆ ಎನ್ನುವುದು ಕಾಣುತ್ತದೆ. ಫ್ಯಾಷನ್ ಅವನಿಗೆ ಹೊಟ್ಟೆಪಾಡು, ಬೀದಿಯವರು ಅವನ ನಿಜವಾದ ಕಲೆ ಎಂದು ಬೇರ್ಪಡಿಸುವವರನ್ನು ನಾನು ಒಪ್ಪಿದ್ದಿಲ್ಲ. ಮೊದಲನೆಯದು ಇಲ್ಲದಿದ್ದರೆ ಎರಡನೆಯದು ಹುಟ್ಟುತ್ತಿರಲಿಲ್ಲ.

ಇದರ ತಿರುವುಮುರುವೂ ನಿಜ. ಲೀಸಾಳ ಚಿತ್ರಗಳಲ್ಲಿ ಸಿರಿವಂತಿಕೆಯ ಸೋಗು ಇಲ್ಲ. ಸೊಂಟ ತಿರುಗಿಸಿ, ಒಂದೇ ಕಾಲಿನ ಮೇಲೆ ಭಾರ ಹಾಕಿ, ಉಸಿರು ಹಿಡಿದು ನಿಂತ ಆ ಹೆಂಗಸು ತನ್ನ ಕಸುಬು ಗೊತ್ತಿರುವ ಕಸುಬಿನವಳು. ಕಟುಕ ಚೂರಿ ಹಿಡಿದು ನಿಂತಷ್ಟೇ ಗಟ್ಟಿಯಾಗಿ ಅವಳು ಉಡುಪು ಹಿಡಿದು ನಿಂತಿದ್ದಾಳೆ. ನಮ್ಮ ಜವಳಿ ಅಂಗಡಿಯ ಕ್ಯಾಲೆಂಡರಿಗೆ ನಿಲ್ಲುತ್ತಿದ್ದ ಹುಡುಗಿಯರನ್ನು ನೆನೆಸಿಕೊಳ್ಳುತ್ತೇನೆ. ಬಿಸಿ ಲೈಟಿನ ಕೆಳಗೆ ಒಂದರ ಮೇಲೊಂದು ಇಳಕಲ್ಲು, ಮೈಸೂರು ಸಿಲ್ಕು ಉಟ್ಟು ಬಿಚ್ಚಿ, ಬೆವರು ಒರೆಸಿಕೊಂಡು ಮತ್ತೆ ನಗುತ್ತಿದ್ದರು. ಅವರದೂ ದುಡಿಮೆಯೇ ಎಂದು ಮಾವನ ಕ್ಯಾಮೆರಾಕ್ಕೆ ಯಾವತ್ತೂ ಕಂಡಿರಲಿಲ್ಲ. ಅವರು ಅಲ್ಲಿ ಅರಮನೆಯ ರಾಣಿಯರು.

ನಾನು ದಾವಣಗೆರೆಗೆ ವಾಪಸು ಬಂದು ಸ್ಟುಡಿಯೊ ನೋಡಿಕೊಳ್ಳಲು ಶುರುಮಾಡಿದ ಮೇಲೆ, ಪೆನ್ ಮಾಡಿದ್ದನ್ನು ನಮ್ಮ ಊರಲ್ಲೂ ಮಾಡಬೇಕೆನ್ನಿಸಿತು. ಮಾರ್ಕೆಟ್ ಯಾರ್ಡಿನ ಹಮಾಲರು, ಮಂಡಕ್ಕಿ ಭಟ್ಟಿಯವರು, ಹೂವಿನ ಬುಟ್ಟಿಯವರು, ಸೈಕಲ್ ಶಾಪಿನ ಹುಡುಗರು. ಹೋಗಿ ಕೇಳಿದೆ: ಕೆಲಸದ ಬಟ್ಟೆಯಲ್ಲೇ ಬನ್ನಿ, ಇದ್ದ ಹಾಗೇ ಬನ್ನಿ, ದುಡ್ಡು ನಾನೇ ಕೊಡುತ್ತೇನೆ. ಎಲ್ಲರೂ ಹೂಂ ಅಂದರು. ಬಂದದ್ದು ಮಾತ್ರ ತಲೆಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಬಳಿದು, ಇಸ್ತ್ರಿ ಅಂಗಿ ತೊಟ್ಟು. ಒಬ್ಬ ಹಿರಿಯ ಹಮಾಲರನ್ನು, ಯಾಕಣ್ಣಾ, ಹಂಗೇ ಬಾ ಅಂದಿದ್ನಲ್ಲ ಅಂದೆ. ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿ, “ದಿನಾ ಹಂಗೇ ಇರ್ತೀನಲ್ಲ ತಮ್ಮಾ. ಫೋಟೊದಾಗಾರ ಬ್ಯಾರೆ ಇರಬಾರ್ದಾ?” ಅಂದರು.

ಪೆನ್‌ಗೂ ಇದು ಎದುರಾಗಿತ್ತು. ಮೂರು ಊರಿನ ಜನ ಮೂರು ಥರ ನಡೆದುಕೊಂಡದ್ದನ್ನು ಅವನೇ ಬರೆದಿದ್ದಾನೆ. ಪ್ಯಾರಿಸ್ಸಿನವರಿಗೆ ಇದರಲ್ಲೇನೋ ಮಸಲತ್ತಿದೆ ಎಂಬ ಅನುಮಾನ. ಆದರೂ ದುಡ್ಡು ಸಿಗುತ್ತದೆಂದು ಹೇಳಿದಂತೆಯೇ ಬಂದರು. ಲಂಡನ್ನಿನವರಿಗೆ ತಮ್ಮನ್ನು ತಮ್ಮ ಕಸುಬಿನ ಬಟ್ಟೆಯಲ್ಲಿ ಫೋಟೊ ತೆಗೆಯುವುದು ಲೋಕದಲ್ಲಿ ತೀರ ಸಹಜವಾದ ಸಂಗತಿ. ಹೊತ್ತಿಗೆ ಸರಿಯಾಗಿ ಬಂದು ಹೆಮ್ಮೆಯಿಂದ ನಿಂತರು. ನ್ಯೂಯಾರ್ಕಿನವರನ್ನು ನಂಬುವಂತಿರಲಿಲ್ಲ. ಎಷ್ಟು ಹೇಳಿದರೂ ಕೆಲವರು ಗಡ್ಡ ಬೋಳಿಸಿಕೊಂಡು, ಭಾನುವಾರದ ಸೂಟು ತೊಟ್ಟು ಬಂದರು, ಹಾಲಿವುಡ್‌ಗೆ ಇದೇ ಮೊದಲ ಮೆಟ್ಟಿಲು ಎಂಬಂತೆ. ಈ ಭಾಗ ಓದಿದಾಗಲೆಲ್ಲ ನನ್ನ ಮನಸ್ಸು ಆ ಸೂಟಿನವರ ಕಡೆಗೇ ವಾಲುತ್ತದೆ. ರೂಪದರ್ಶಿಗೆ ಇಂಥದೇ ಗೌನು ತೊಡು ಎನ್ನುವುದು ಅವಳ ಕಸುಬಿಗೆ ಸೇರಿದ ಮಾತು. ಹಮಾಲನಿಗೆ ನಿನ್ನ ಗೋಣಿತಾಟು ಹೊದ್ದೇ ಬಾ ಎನ್ನುವುದೂ ಅಂಥದೇ ಅಪ್ಪಣೆ. ಆದರೆ ಅದನ್ನು ಪಾಲಿಸುವುದು ಅವನ ಕಸುಬಲ್ಲ. ಪೆನ್‌ನ ಶೈಲಿಯಲ್ಲಿ ಇರುವ ಸಮಾನತೆ ಬೆಳಕಿನದು, ಪರದೆಯದು, ಸಮಯದ್ದು. ಯಾವ ಬಟ್ಟೆ ಎಂಬುದನ್ನು ಮಾತ್ರ ಅವನೇ ತೀರ್ಮಾನಿಸುತ್ತಿದ್ದ.

ಮುಂದೆ ಅವನು ಮಡಚಿ ಒಯ್ಯಬಹುದಾದ ಗುಡಾರವನ್ನೇ ಸ್ಟುಡಿಯೊ ಮಾಡಿಕೊಂಡು ದೇಶದೇಶ ತಿರುಗಿದ: 1967ರಲ್ಲಿ ನೇಪಾಳ, ಆಫ್ರಿಕಾದ ದಾಹೊಮೆ, 1970ರಲ್ಲಿ ನ್ಯೂಗಿನಿ, 1971ರಲ್ಲಿ ಮೊರೊಕ್ಕೊ. ಆ ಚಿತ್ರಗಳ ಅಂದಕ್ಕೆ ನಾನು ತಲೆಬಾಗುತ್ತೇನೆ, ನೆಮ್ಮದಿ ಮಾತ್ರ ಸಿಗುವುದಿಲ್ಲ. ಪ್ಯಾರಿಸ್ಸಿನ ಕಟುಕನ ಊರು, ಭಾಷೆ, ಅಂಗಡಿ ನೋಡುಗರಿಗೆ ಗೊತ್ತಿತ್ತು. ಪರದೆ ಅದನ್ನು ಅಳಿಸಿದರೂ ಅವರು ತುಂಬಿಕೊಳ್ಳಬಲ್ಲರು. ನ್ಯೂಗಿನಿಯ ಮನುಷ್ಯನನ್ನು ಅವನ ಕಾಡು, ಕುಣಿತ, ನಂಟರಿಂದ ಬಿಡಿಸಿ ಬೂದು ಬಟ್ಟೆಯ ಮುಂದೆ ನಿಲ್ಲಿಸಿದಾಗ, ನ್ಯೂಯಾರ್ಕಿನ ಓದುಗರಿಗೆ ಉಳಿಯುವುದು ಅವನ ಮೈಮೇಲಿನ ಗರಿ, ಬಣ್ಣ ಅಷ್ಟೇ. ಅಲ್ಲಿ ಉಡುಪು ನೋಡುವ ಆ ಕಣ್ಣೇ ಸೋಲುತ್ತದೆ ಎಂದು ನನ್ನ ಅನಿಸಿಕೆ.

ರಿಚರ್ಡ್ ಆವೆಡನ್ ಹೆಸರು ಇಲ್ಲಿ ಬರಲೇಬೇಕು. ಅವನೂ ಫ್ಯಾಷನ್ನಿನಿಂದಲೇ ಬಂದವನು. 1979ರಿಂದ 1984ರವರೆಗೆ ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಗಣಿಯವರನ್ನು, ಅಲೆಮಾರಿಗಳನ್ನು ಬಿಳಿ ಕಾಗದದ ಮುಂದೆ ನಿಲ್ಲಿಸಿ ತೆಗೆದ. ಅವನ ಬಿಳಿಯಲ್ಲಿ ಮನುಷ್ಯನ ಗಾಯ ಕಾಣುತ್ತದೆ, ಪೆನ್‌ನ ಬೂದು ಬಣ್ಣದಲ್ಲಿ ಕೈಕಸುಬು ಕಾಣುತ್ತದೆ. ನನಗೆ ಬೇಕಾದದ್ದು ಎರಡನೆಯದು.

2017ರಲ್ಲಿ, ಪೆನ್ ಹುಟ್ಟಿ ನೂರು ವರ್ಷವಾದಾಗ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಅವನ ದೊಡ್ಡ ಪ್ರದರ್ಶನ ನಡೆಯಿತು. ನಾನು ಆಗ ಮಗಳ ಮನೆಗೆ ಎಡಿಸನ್‌ಗೆ ಹೋಗಿದ್ದೆ. ನಮ್ಮ ಕನ್ನಡದವರು ಬೇಕಾದಷ್ಟು ಮಂದಿ ನೆಲೆಸಿರುವ ಊರು; ಪೆನ್ ಹುಟ್ಟಿದ ಪ್ಲೇನ್‌ಫೀಲ್ಡ್ ಅಲ್ಲಿಂದ ಹತ್ತಿರವೇ. ಪುಸ್ತಕದ ಅಚ್ಚಿನಲ್ಲಿ ಕಂಡಿದ್ದ ಚಿತ್ರಗಳ ಪ್ಲಾಟಿನಂ ಪ್ರಿಂಟುಗಳನ್ನು ಮೊದಲ ಸಲ ಎದುರಿಗೆ ನೋಡಿದೆ. 1960ರ ದಶಕದ ಮಧ್ಯದಿಂದ ಪೆನ್ ಆ ಹಳೇ ವಿಧಾನಕ್ಕೆ ತಿರುಗಿದ್ದ. ಕಾಗದಕ್ಕೆ ತಾನೇ ಪ್ಲಾಟಿನಂ ಲವಣ ಬಳಿದು, ಕಾಗದ ಹಿಗ್ಗದಂತೆ ಅಲ್ಯೂಮಿನಿಯಂ ಹಾಳೆಗೆ ಅಂಟಿಸಿ, ಒಂದೇ ಹಾಳೆಗೆ ಮತ್ತೆಮತ್ತೆ ಲವಣ ಬಳಿದು, ನೆಗೆಟಿವನ್ನು ಪ್ರತಿ ಸಲ ಕೂದಲೆಳೆಯೂ ಅಲುಗದಂತೆ ಅದೇ ಜಾಗಕ್ಕೆ ಕೂರಿಸಿ ಬೆಳಕು ಕೊಡಬೇಕು. ಡಾರ್ಕ್‌ರೂಮಿನಲ್ಲಿ ಬಾಳು ಸವೆಸಿದ ನನ್ನಂಥವನಿಗೆ ಆ ಶ್ರಮದ ಅಂದಾಜಿದೆ. ಮಾಮೂಲಿ ಪ್ರಿಂಟಿನಲ್ಲಿ ಕಪ್ಪಾಗಿ ಮುಳುಗಿಹೋಗುವ ಕಲ್ಲಿದ್ದಲಿನವನ ಅಂಗಿಯಲ್ಲಿ ಇಲ್ಲಿ ನೇಯ್ಗೆ ಕಾಣುತ್ತಿತ್ತು. ಲೀಸಾಳ ರೇಷ್ಮೆಗೂ ಅದೇ ಲೋಹ, ಅವನ ಮಸಿಗೂ ಅದೇ ಲೋಹ. 1972ರಲ್ಲಿ ಬೀದಿಯಿಂದ ಹೆಕ್ಕಿ ತಂದ ಸಿಗರೇಟು ತುಂಡುಗಳನ್ನು ಕೂಡ ಅವನು ಹೀಗೇ ಪ್ಲಾಟಿನಂನಲ್ಲಿ ಅಚ್ಚು ಹಾಕಿದ್ದ. ಅವುಗಳ ಎದುರು ನಾನು ಹೆಚ್ಚು ಹೊತ್ತು ನಿಲ್ಲಲಿಲ್ಲ.

ಪ್ಯಾರಿಸ್ಸಿನ ಆ ಪರದೆಯನ್ನೇ ಒಂದು ಕೋಣೆಯಲ್ಲಿ ಕಟ್ಟಿದ್ದರು. 1950ರಿಂದ ಕೊನೆಯವರೆಗೆ ಅವನು ಬಿಡದೆ ಬಳಸಿದ ಬಟ್ಟೆ. ಮಗಳು, “ಅಪ್ಪಾ, ಇಷ್ಟೇನಾ?” ಅಂದಳು. ಇಷ್ಟೇ. ಜಪಾನಿನ ಉಡುಪು ವಿನ್ಯಾಸಕ ಇಸ್ಸೆ ಮಿಯಾಕೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ತಾನು ಹೊಲಿದದ್ದನ್ನೆಲ್ಲ ಪೆನ್‌ಗೆ ಕಳಿಸುತ್ತಿದ್ದನಂತೆ, ಆದರೆ ಚಿತ್ರ ತೆಗೆಯುವಾಗ ಒಮ್ಮೆಯೂ ಸ್ಟುಡಿಯೊಕ್ಕೆ ಕಾಲಿಡಲಿಲ್ಲ. ಪೆನ್ ಕೂಡ ಅವನ ಪ್ರದರ್ಶನಗಳಿಗೆ ಹೋಗಲಿಲ್ಲ. ನನ್ನ ಬಟ್ಟೆಯನ್ನು ನೀನು ಹೇಗೆ ಬೇಕಾದರೂ ನೋಡು ಎಂದು ಬಿಟ್ಟುಕೊಟ್ಟ ಆ ನಂಬಿಕೆಯ ಬಗ್ಗೆ ರೈಲಿನಲ್ಲಿ ವಾಪಸು ಬರುತ್ತ ಮಗಳಿಗೆ ಹೇಳಿದೆ. “ಆ ಕಟುಕರಿಗೂ ಹಂಗೆ ಬಿಡೋ ಅವಕಾಶ ಇತ್ತಾ?” ಅಂತ ಕೇಳಿದಳು. ಅವಳ ಪ್ರಶ್ನೆ ನನ್ನ ಹಮಾಲಣ್ಣ ಕೇಳಿದ್ದೇ.

ಆ ಹಮಾಲಣ್ಣನ ಚಿತ್ರವನ್ನು ಅವತ್ತು ಇಸ್ತ್ರಿ ಅಂಗಿಯಲ್ಲೇ ತೆಗೆದಿದ್ದೆ, ಬೂದು ಪರದೆಯ ಮುಂದೆ, ಕಾಲು ಗಂಟೆ ನಿಲ್ಲಿಸಿ. ಅಂಗಿಯೊಳಗಿನಿಂದ ಬಲ ಭುಜ ಎಡಕ್ಕಿಂತ ತಗ್ಗಿರುವುದು ಕಾಣುತ್ತದೆ. ಮೂಟೆ ಹೊತ್ತ ಭುಜ ಯಾವ ಇಸ್ತ್ರಿಗೂ ಬಗ್ಗುವುದಿಲ್ಲ. ಅಂದಿನಿಂದ ನಾನು ಬಟ್ಟೆಯ ಮಾತು ಎತ್ತುವುದಿಲ್ಲ. ಕ್ಯಾಲೆಂಡರಿನ ಹುಡುಗಿಗೂ ಹೂವಿನವಳಿಗೂ ಒಂದೇ ಪರದೆ, ಒಂದೇ ಕಿಟಕಿ. ಹೇಗೆ ಬರುತ್ತೀರಿ ಎಂಬುದು ನಿಮಗೆ ಬಿಟ್ಟದ್ದು, ಕೈಯಲ್ಲಿ ಏನಾದರೂ ಹಿಡಿಯುವುದಿದ್ದರೆ ತನ್ನಿ ಎನ್ನುತ್ತೇನೆ. ಕಳೆದ ವರ್ಷ ಬೆಣ್ಣೆದೋಸೆ ಹೋಟೆಲಿನ ಭಟ್ಟರೊಬ್ಬರು ಬಂದರು. ಮಗನ ಮದುವೆಗೆ ಹೊಲಿಸಿದ ರೇಷ್ಮೆ ಜುಬ್ಬಾ, ಜರಿ ಶಲ್ಯ, ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ದೋಸೆ ಮಗುಚುವ ಸಟ್ಟುಗ. ಅದರ ಅಂಚು ಹೆಂಚಿಗೆ ಉಜ್ಜಿ ಉಜ್ಜಿ ಒಂದು ಕಡೆಗೆ ಸವೆದು ಓರೆಯಾಗಿತ್ತು. ಪೇಪರು ಬಿಚ್ಚಿ, ಅದನ್ನು ಶಲ್ಯದ ತುದಿಯಿಂದ ಒರೆಸಿ, ಎದೆಯ ಮಟ್ಟಕ್ಕೆ ಹಿಡಿದು ಅವರೇ ನಿಂತರು. “ಇದು ಚೆನ್ನಾಗಿ ಬರಬೇಕು ನೋಡ್ರಿ, ನಾನು ಹೆಂಗಾರ ಬರ್ಲಿ” ಅಂದರು. ನಾನು ಕಿಟಕಿಯ ಪರದೆಯನ್ನು ಇನ್ನೊಂದು ಗೇಣು ಸರಿಸಿದೆ, ಕಬ್ಬಿಣದ ಮೇಲೆ ಬೆಳಕು ಕೂರಲಿ ಎಂದು.